ಮುಧೋಳದಲ್ಲಿ ಮರಿ ಕೊಳ್ಳುವ ಮುನ್ನ

ಕಬ್ಬು ಕಡಿಯುವ ಕಾಲದಲ್ಲಿ ಮುಧೋಳಕ್ಕೆ ಬರುವವರು ಟ್ರ್ಯಾಕ್ಟರುಗಳ ಹಿಂದೆಯೇ ಬರಬೇಕು. ಎರಡೆರಡು ಟ್ರೇಲರ್ ಎಳೆದುಕೊಂಡು ಕಾರ್ಖಾನೆ ಕಡೆ ಹೊರಟ ಸಾಲು ಮುಗಿಯುವುದೇ ಇಲ್ಲ. ಘಟಪ್ರಭೆಯ ದಂಡೆಯ ಈ ಊರು ಕವಿ ರನ್ನನದು, ಘೋರ್ಪಡೆ ಅರಸರದು. ಹೊರಗಿನವರಿಗೆ ಮಾತ್ರ ಇದು ಮೊದಲು ನಾಯಿಯ ಊರು. ಬೇಡರ ಬಳಿ ಇದ್ದ ಬೇಟೆ ನಾಯಿಗಳನ್ನು ಆರಿಸಿ ತಳಿ ಬೆಳೆಸಿದವರು ರಾಜಾ ಮಾಲೋಜಿರಾವ್ ಘೋರ್ಪಡೆ. ಇಂಗ್ಲೆಂಡಿನ ದೊರೆ ಐದನೇ ಜಾರ್ಜನಿಗೆ ಅವರು ಕಾಣಿಕೆ ಕೊಟ್ಟ ಮೇಲೆ ತಳಿಯ ಹೆಸರು ಸೀಮೆ ದಾಟಿತು. 2005ರಲ್ಲಿ ಅಂಚೆ ಚೀಟಿಯ ಮೇಲೂ ಅದರ ಚಿತ್ರ ಬಂತು.

ತಳಿಯ ಚರಿತ್ರೆಯನ್ನು ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಬಂದದ್ದು, ನಾಯಿ ಮಾರಲು ನಮ್ಮ ದೇಶದಲ್ಲಿ ಇರುವ ಕಾನೂನು ಈ ಅಂಗಳಗಳ ತನಕ ಬಂದಿದೆಯೇ ಎಂದು ನೋಡಲು.

ಮೊದಲು ಹೋದದ್ದು ಊರ ಹೊರಗಿನ ಒಂದು ತೋಟದ ಮನೆಗೆ. ಬೇವಿನ ಮರದ ಕೆಳಗೆ ಎರಡು ಎಮ್ಮೆ, ಒಂದು ಕರು. ಆಚೆ ತಗಡಿನ ಚಪ್ಪರದಡಿ ಗೋಣಿಚೀಲದ ಮೇಲೆ ತಾಯಿ ನಾಯಿ ಮಲಗಿತ್ತು. ಉದ್ದ ಮೋರೆ, ಆಳವಾದ ಎದೆ, ಒಳಸೇರಿದ ಹೊಟ್ಟೆ. ಏಳು ಮರಿಗಳು ಮೊಲೆಗೆ ಮುಗಿಬಿದ್ದಿದ್ದವು. ನನ್ನನ್ನು ಕಂಡದ್ದೇ ಅದು ಎದ್ದು, ಮರಿಗಳನ್ನು ಕೊಡವಿಕೊಂಡು, ನನಗೂ ಅವಕ್ಕೂ ನಡುವೆ ಬಂದು ನಿಂತಿತು.

“ಬರ್ರಿ ಸರ, ಅಂಜಬ್ಯಾಡ್ರಿ. ಹೊಸಾಬ್ರನ್ನ ಕಂಡ್ರ ಹಿಂಗ ನಿಲ್ಲತೈತಿ ಅಷ್ಟ,” ಎಂದರು ಯಜಮಾನರು.

ಮಾತಿನ ನಡುವೆ ಎಮ್ಮೆಯ ಕಿವಿಯ ಹಳದಿ ಓಲೆಯತ್ತ ಕೈ ತೋರಿಸಿದೆ. ಹನ್ನೆರಡು ಅಂಕಿಯ ಆ ಓಲೆ ಈಗ ರಾಜ್ಯದ ಯಾವ ಕೊಟ್ಟಿಗೆಗೆ ಹೋದರೂ ಕಾಣುತ್ತದೆ. 2019ರಲ್ಲಿ ಕಾಲುಬಾಯಿ ಜ್ವರದ ರಾಷ್ಟ್ರೀಯ ಲಸಿಕೆ ಕಾರ್ಯಕ್ರಮ ಶುರುವಾದ ಮೇಲೆ ಓಲೆ ಹಾಕುವ ಕೆಲಸವೂ ಜೋರಾಯಿತು. ಯಜಮಾನರಿಗೆ ಅದರ ಉಪಯೋಗ ಚೆನ್ನಾಗಿ ಗೊತ್ತು. “ಈ ನಂಬರ ಹಾಕಿದ್ರ ನನ್ನ ಹೆಸರ ಬರತೈತ್ರಿ. ಲಸಿಕಿ ಯಾವಾಗ ಹಾಕ್ಯಾರ, ಅದೂ ಬರತೈತಿ.”

“ನಾಯಿಗೆ, ಕಾಕಾ?”

“ನಾಯಿಗೆ ಎಂಥಾ ನಂಬರ್ರೀ?”

ನಾಯಿಗೂ ನಂಬರು ಬೇಕೆಂದು ಕಾನೂನು ಹೇಳಿ ವರ್ಷಗಳೇ ಆದವು. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ಕೇಂದ್ರ ಸರ್ಕಾರ 2017ರ ಮೇ 23ರಂದು ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳನ್ನು ಹೊರಡಿಸಿತು. ಮಾರುವುದಕ್ಕಾಗಿ ಮರಿ ಮಾಡಿಸುವವರು ಒಬ್ಬರೇ ಇರಲಿ, ಗುಂಪೇ ಇರಲಿ, ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ನಡುವೆ ನಿಂತು ಮಾರುವ ದಲ್ಲಾಳಿಯೂ ಈ ಲೆಕ್ಕದಲ್ಲೇ ಬರುತ್ತಾನೆ. ನೋಂದಣಿಯ ಅವಧಿ ಎರಡು ವರ್ಷ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವ ಮರಿಗೆ ಲಸಿಕೆ ಆಗಿರಬೇಕು, ಚರ್ಮದಡಿ ಮೈಕ್ರೋಚಿಪ್ ಇರಬೇಕು, ಕೊಂಡವರಿಗೆ ರಸೀದಿ ಕೊಡಬೇಕು. ಆರು ತಿಂಗಳು ದಾಟಿದ ನಾಯಿಯಾದರೆ ಸಂತಾನಹರಣ ಮಾಡಿಸಿಯೇ ಮಾರಬೇಕು. ನೋಂದಾಯಿತ ತಳಿಗಾರನಿಗೆ ಮಾರುವಾಗ ಮಾತ್ರ ವಿನಾಯಿತಿ. ಮಾರಿದ ಮೇಲೂ ವರ್ಷಕ್ಕೊಮ್ಮೆಯಾದರೂ ನಾಯಿ ಹೇಗಿದೆ ಎಂದು ವಿಚಾರಿಸಬೇಕು.

ಈ ನಿಯಮಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಭಾಗ ತಾಯಿಯದು. ಹದಿನೆಂಟು ತಿಂಗಳು ತುಂಬದ ಹೆಣ್ಣನ್ನು ಗಂಡಿಗೆ ಬಿಡಬಾರದು. ವರ್ಷಕ್ಕೆ ಒಂದೇ ಸೂಲು, ಜೀವಮಾನಕ್ಕೆ ಐದೇ ಸೂಲು. ಎಂಟು ವರ್ಷ ದಾಟಿದ ಮೇಲೆ ಅದಕ್ಕೆ ವಿಶ್ರಾಂತಿ. ಚಪ್ಪರದಡಿಯ ನಾಯಿಯನ್ನು ತೋರಿಸಿ ಕೇಳಿದೆ. “ಇದು ಮೂರನೇ ಸೂಲರಿ. ವರ್ಷಕ್ಕ ಎರಡ ಸಲ ಬೆದಿಗಿ ಬರತೈತಿ. ಒಮ್ಮಿ ಬಿಡತೀನಿ, ಒಮ್ಮಿ ಬಿಡಂಗಿಲ್ಲ. ಬಿಟ್ಟಕೋತ ಹೋದ್ರ ನಾಯಿ ಉಳಿಯಂಗಿಲ್ಲರಿ.” ಕಾನೂನು ಓದದೆಯೇ ಕಾನೂನಿನಂತೆ ನಡೆದ ಮನುಷ್ಯ. ನಾಯಿಯ ಮೈ ಕಂಡರೆ ಅವರ ಮಾತು ನಿಜವೆಂದು ಗೊತ್ತಾಗುತ್ತದೆ. ಆದರೆ ಮರಿಯ ಫೋಟೊ ನೋಡಿ ಬೆಂಗಳೂರಿನಿಂದಲೋ ಪುಣೆಯಿಂದಲೋ ಹಣ ಕಳಿಸುವವರಿಗೆ ಈ ನಾಯಿಯ ಮೈ ಎಲ್ಲಿ ಕಾಣಬೇಕು? ಪ್ರತಿ ಬೆದೆಗೂ ಬಿಟ್ಟು, ನಾಲ್ಕೈದು ವರ್ಷದಲ್ಲಿ ತಾಯಿಯನ್ನು ಸವೆಸಿ, ಕೊನೆಗೆ ಬೀದಿಗೆ ಬಿಡುವವನೂ ಅದೇ ಮಾತು ಹೇಳಬಲ್ಲ. ಇಬ್ಬರ ಮರಿಗಳಿಗೂ ಪೇಟೆಯಲ್ಲಿ ಒಂದೇ ಬೆಲೆ. ತಾಯಿಗೆ ನಂಬರಿದ್ದು, ಸೂಲುಗಳು ಆ ನಂಬರಿನ ಮುಂದೆ ಬರೆದಿದ್ದರೆ ಈ ಇಬ್ಬರನ್ನು ಬೇರೆ ಮಾಡಬಹುದು. ಚಿಪ್ಪನ್ನು ಕಳ್ಳತನದ ಭಯಕ್ಕೆ ಹಾಕಿಸುವುದೆಂದು ಬಹಳ ಜನ ತಿಳಿದಿದ್ದಾರೆ. ಕದ್ದ ನಾಯಿಯ ಗುರುತಿಗೆ ಅದು ನೆರವಾಗುವುದು ನಿಜ. ಆದರೆ ಮಾರುವ ಮರಿಗೆ ಅದನ್ನು ಕಡ್ಡಾಯ ಮಾಡಿದ್ದರ ಮೊದಲ ಫಲ ಸಿಗಬೇಕಾದದ್ದು ಹಿಂದೆ ಅಂಗಳದಲ್ಲೇ ಉಳಿಯುವ ತಾಯಿಗೆ.

ನಾವು ಮಾತಾಡುವಾಗಲೇ ಯಜಮಾನರಿಗೆ ಫೋನ್ ಬಂತು. ಗಿರಾಕಿ. ಮರಿಗೆ ಐದು ವಾರ ಆಗಿದೆಯಂತೆ, ಇವತ್ತೇ ಬಸ್ಸಿಗೆ ಹಾಕಿ ಕಳಿಸಿ ಎಂದು ಹಟ. ಸಣ್ಣದಿದ್ದಷ್ಟೂ ಬೇಗ ಹೊಂದಿಕೊಳ್ಳುತ್ತದೆ ಎಂಬ ನಂಬಿಕೆ ಕೊಳ್ಳುವವರಲ್ಲಿ ಬಲವಾಗಿ ಬೇರೂರಿದೆ. ಆಗುವುದು ತಿರುಗಾಮುರುಗಾ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಕುಂದುತ್ತಿರುವ, ಲಸಿಕೆ ಇನ್ನೂ ಪೂರ್ತಿಯಾಗದ ವಯಸ್ಸಿನಲ್ಲಿ ಮರಿಯನ್ನು ಬುಟ್ಟಿಯಲ್ಲಿಟ್ಟು ರಾತ್ರಿಯಿಡೀ ಕುಲುಕಿಸಿದರೆ ಪಾರ್ವೊ ರೋಗಕ್ಕೆ ದಾರಿ ಮಾಡಿಕೊಟ್ಟಂತೆ. ಒಡಹುಟ್ಟಿದ ಮರಿಗಳೊಡನೆ ಕಚ್ಚಾಡಿ, ಎಷ್ಟು ಕಚ್ಚಿದರೆ ನೋಯುತ್ತದೆ ಎಂದು ಮರಿ ಕಲಿಯುವುದೂ ಈ ವಾರಗಳಲ್ಲೇ. ಎಂಟು ವಾರದ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. “ಇನ್ನ ಮೂರ ವಾರ ಬಿಟ್ಟ ಬರ್ರಿ” ಎಂದು ಯಜಮಾನರು ಫೋನ್ ಇಟ್ಟರು. “ಕಾಯಂಗಿಲ್ಲರಿ ಇವ್ರು. ಬ್ಯಾರೆ ಕಡೆ ತಗೋತಾರ,” ಎಂದರು.

ಪೇಟೆಯಲ್ಲಿ ಒಬ್ಬ ಪಶುವೈದ್ಯರು ಚಿಪ್ ಹಾಕುವುದನ್ನು ತೋರಿಸಿದರು. ಅಕ್ಕಿಕಾಳಿನಷ್ಟಿರುವ ಗಾಜಿನ ಕೊಳವೆ, ಉದ್ದ ಸುಮಾರು 12 ಮಿಲಿಮೀಟರ್. ದಪ್ಪ ಸೂಜಿಯೊಳಗೆ ಕೂತೇ ಬರುತ್ತದೆ. ಹಾಕುವ ಮೊದಲು ರೀಡರ್ ಹಿಡಿದು ಓದಿ, ಚಿಪ್ ಸರಿಯಿದೆಯೇ ಎಂದು ನೋಡಿದರು. ಮರಿಯ ಎರಡು ಹೆಗಲ ನಡುವಿನ ಸಡಿಲ ಚರ್ಮ ಎತ್ತಿ ಸೂಜಿ ಚುಚ್ಚಿದರು. ಕುಂಯ್ ಎಂದು ಒಂದೇ ಸದ್ದು. ಮತ್ತೆ ರೀಡರ್ ಹಿಡಿದಾಗ ಹದಿನೈದು ಅಂಕಿ ಮೂಡಿದವು. ಅದೇ ನಂಬರಿನ ಸ್ಟಿಕರ್ ಲಸಿಕೆ ಪುಸ್ತಕಕ್ಕೆ ಅಂಟಿತು. ಚಿಪ್ಪಿನಲ್ಲಿ ಬ್ಯಾಟರಿ ಇಲ್ಲ, 134.2 ಕಿಲೋಹರ್ಟ್ಸ್ ತರಂಗ ತಾಗಿದಾಗ ಮಾತ್ರ ಎಚ್ಚೆತ್ತು ನಂಬರು ಹೇಳುತ್ತದೆ. ನಾಯಿ ಎಲ್ಲಿದೆ ಎಂದು ಅದು ಹೇಳುವುದಿಲ್ಲ, ಮಾಲೀಕನ ಹೆಸರೂ ಅದರೊಳಗಿಲ್ಲ. ವಿದೇಶಕ್ಕೆ ನಾಯಿ ಒಯ್ಯುವವರಿಗೆ ವೈದ್ಯರು ಒಂದು ಕಿವಿಮಾತು ಹೇಳುತ್ತಾರಂತೆ: ಯುರೋಪಿನ ಒಕ್ಕೂಟಕ್ಕೆ ಹೋಗುವುದಾದರೆ ಮೊದಲು ಚಿಪ್, ಆಮೇಲೆ ರೇಬೀಸ್ ಲಸಿಕೆ. ಹಿಂದುಮುಂದಾದರೆ ಆ ಲಸಿಕೆಯನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಂಬರು ಯಾರ ಹೆಸರಿಗೆ ಎಂಬುದು ಬರೆದಿರಬೇಕಾದದ್ದು ಹೊರಗಿನ ದಾಖಲೆಯಲ್ಲಿ. ತೊಡಕು ಇರುವುದೂ ಅಲ್ಲೇ. ಎಮ್ಮೆಯ ಓಲೆಗೆ ‘ಭಾರತ್ ಪಶುಧನ್’ ಎಂಬ ಒಂದು ರಾಷ್ಟ್ರೀಯ ದಾಖಲೆ ಇದೆ. ಸಾಕುನಾಯಿಗೆ, ಬೆಕ್ಕಿಗೆ ಹಾಗೆ ದೇಶಕ್ಕೆಲ್ಲ ಸಲ್ಲುವ ಒಂದೇ ಪುಸ್ತಕವಿಲ್ಲ. ಚಿಪ್ ಮಾರುವ ಕಂಪನಿಯ ಪಟ್ಟಿ ಒಂದು, ಕೆನಲ್ ಕ್ಲಬ್ಬಿನ ಪಟ್ಟಿ ಇನ್ನೊಂದು, ವೈದ್ಯರ ಪುಸ್ತಕ ಮತ್ತೊಂದು. ಜಪಾನ್ 2022ರ ಜೂನ್ 1ರಿಂದ ಮಾರುವ ನಾಯಿ, ಬೆಕ್ಕು ಎರಡಕ್ಕೂ ಚಿಪ್ ಕಡ್ಡಾಯ ಮಾಡಿತು. ಮಾರುವವರು ಚಿಪ್ ಹಾಕಿಸಿ ಸರ್ಕಾರದ ದಾಖಲೆಗೆ ಸೇರಿಸಬೇಕು, ಕೊಂಡವರು ಮೂವತ್ತು ದಿನದೊಳಗೆ ತಮ್ಮ ಹೆಸರಿಗೆ ಬದಲಿಸಿಕೊಳ್ಳಬೇಕು. ಹೀಗೆ ಎರಡೂ ತುದಿಗೆ ಹೆಸರು ಬಿದ್ದರೆ ಮಾತ್ರ ನಂಬರಿಗೆ ಅರ್ಥ.

ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ತಳಿಯ ಶುದ್ಧಿ ಉಳಿಸುವುದು, ಸುತ್ತಲಿನ ಸಾಕುವವರಿಗೆ ಮಾಹಿತಿ ಕೊಡುವುದು ಅದರ ಕೆಲಸ. ಸೇನೆಯ ಮೀರತ್ ತರಬೇತಿ ಕೇಂದ್ರಕ್ಕೆ ಮುಧೋಳದ ಮರಿಗಳು ಹೋದವು. 2020ರ ಆಗಸ್ಟಿನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ತಳಿಯ ಹೆಸರು ಎತ್ತಿದರು. ಅಂದಿನಿಂದ ಕೇಳುವವರು ಹೆಚ್ಚಿದರು. ಅವರ ಜೊತೆಗೇ, ಎಲ್ಲಿಯದೋ ತೆಳ್ಳನೆಯ ಮರಿಯನ್ನು ಮುಧೋಳದ್ದೆಂದು ಮಾರುವವರೂ ಹೆಚ್ಚಿದರೆಂದು ಇಲ್ಲಿನವರ ದೂರು. ಕೆನಲ್ ಕ್ಲಬ್ ಆಫ್ ಇಂಡಿಯಾದ ಪಟ್ಟಿಯಲ್ಲಿ ಇದೇ ನಾಯಿ ‘ಕಾರವಾನ್ ಹೌಂಡ್’ ಎಂಬ ಹೆಸರಿನಲ್ಲಿರುವುದರಿಂದ ಹೊಸಬರಿಗೆ ಗೊಂದಲ ಇನ್ನಷ್ಟು. ಈ ಸೀಮೆಯ ಬಡ ಸಾಕಣೆಗಾರರಿಗೆ ಊರಿನ ಹೆಸರೇ ಆಸ್ತಿ. ನಂಬರು, ನೋಂದಣಿ ಎಂದರೆ ಸರ್ಕಾರದ ಕಾಟ ಎಂದುಕೊಂಡವರಿಗೆ ನಾನು ಹೇಳಿದ್ದು ಇಷ್ಟೇ: ನಿಮ್ಮ ಹೆಸರು ಹೇಳಿ ಯಾರೋ ದುಡಿಯುವುದನ್ನು ತಡೆಯಲು ನಿಮ್ಮ ಕೈಯಲ್ಲಿ ಬೇರೆ ದಾಖಲೆ ಏನಿದೆ?

ಬೆಕ್ಕಿನ ಪಾಡು ಇನ್ನೂ ಹಿಂದೆ. ದಾರಿಯಲ್ಲಿ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಪರ್ಷಿಯನ್ ಮರಿಗಳು ಪಂಜರದೊಳಗೆ ಒಂದರ ಮೇಲೊಂದು ಮಲಗಿದ್ದವು. 2018ರ ಸೆಪ್ಟೆಂಬರಿನಲ್ಲಿ ಬಂದ ಸಾಕುಪ್ರಾಣಿ ಅಂಗಡಿ ನಿಯಮಗಳು ಬೆಕ್ಕು, ಮೊಲ, ಪಂಜರದ ಹಕ್ಕಿಗಳನ್ನೂ ಒಳಗೊಳ್ಳುತ್ತವೆ. ಅಂಗಡಿಗೂ ರಾಜ್ಯ ಮಂಡಳಿಯ ನೋಂದಣಿ ಬೇಕು. ನೋಂದಣಿ ಪತ್ರ ತೋರಿಸಿ ಎಂದೆ. ಮಾಲೀಕರು ಬಂದಾಗ ಬನ್ನಿ ಎಂದ ಹುಡುಗ. ನಾಯಿ ತಾಯಿಗೆ ಸೂಲಿನ ಮಿತಿ ಹಾಕಿದಂತೆ ತಾಯಿ ಬೆಕ್ಕಿಗೆ ಮಿತಿ ಹಾಕಿದ ಪ್ರತ್ಯೇಕ ನಿಯಮ ನಮ್ಮಲ್ಲಿಲ್ಲ. ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ ಮನೆಯ ಬೆಕ್ಕಿಗೂ ಚಿಪ್ ಕಡ್ಡಾಯವಾಗಿದೆ. ನಾವು ಮಾರಾಟದ ಬೆಕ್ಕಿನಿಂದಾದರೂ ಶುರು ಮಾಡಬೇಕು.

ನಿಯಮ ಮುರಿದವರಿಗೆ ಏನು? 1960ರ ಕಾಯಿದೆಯ 38ನೇ ಕಲಮು ನಿಯಮಭಂಗಕ್ಕೆ ಇಟ್ಟದ್ದು ಹೆಚ್ಚೆಂದರೆ 100 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಒಂದೊಂದು ಮರಿ ಸಾವಿರಗಟ್ಟಲೆಗೆ ಹೋಗುವ ವ್ಯಾಪಾರದಲ್ಲಿ ಆ ನೂರು ರೂಪಾಯಿ ಯಾರನ್ನೂ ತಡೆಯುವುದಿಲ್ಲ. ಹಾಗಾಗಿ ಸದ್ಯಕ್ಕೆ ಬಲವಿರುವುದು ಕೊಳ್ಳುವವರ ಕೈಯಲ್ಲಿ. ನೋಂದಣಿ ಪತ್ರ ಕೇಳಿ. ಅಂಗಳಕ್ಕೇ ಹೋಗಿ ತಾಯಿಯನ್ನು ನೋಡಿ, ಅದರ ಎಷ್ಟನೇ ಸೂಲು ಎಂದು ಕೇಳಿ. ಎಂಟು ವಾರ ಕಾಯಿರಿ. ಚಿಪ್ಪನ್ನು ನಿಮ್ಮ ಎದುರೇ ಓದಿಸಿ, ಪುಸ್ತಕದ ನಂಬರಿಗೆ ತಾಳೆ ನೋಡಿ. ರಸೀದಿಯಲ್ಲಿ ಆ ಹದಿನೈದು ಅಂಕಿ ಬರೆಸಿಕೊಂಡು, ದಾಖಲೆಯನ್ನು ನಿಮ್ಮ ಹೆಸರಿಗೆ ಬದಲಿಸಿಕೊಳ್ಳಿ.

ಕೊನೆಗೆ ಭೇಟಿಯಾದ ಸಾಕಣೆಗಾರ ಇಪ್ಪತ್ತೈದರ ಆಸುಪಾಸಿನ ಹುಡುಗ. ಮೊಬೈಲಿನಲ್ಲೇ ಮರಿ ಮಾರುತ್ತಾನೆ, ಕೊಲ್ಹಾಪುರ, ಸಾಂಗ್ಲಿ ಕಡೆಯ ಗಿರಾಕಿಗಳೇ ಹೆಚ್ಚು. ನಿಯಮಗಳನ್ನೆಲ್ಲ ಕೇಳಿಸಿಕೊಂಡು ಬಾಯಲ್ಲೇ ಲೆಕ್ಕ ಹಾಕಿದ. “ಚಿಪ್ಪಿನ ಖರ್ಚ ಮರಿ ರೇಟಿನ್ಯಾಗ ಸೇರಿಸಬಹುದರಿ. ಅದರ ಅವ್ವನ ನಂಬರನೂ ಬರದ ಕೊಡತೀನಿ. ಅರ್ಜಿ ಎಲ್ಲಿ ಕೊಡಬೇಕ್ರಿ ಅಣ್ಣಾ?” ಬೆಂಗಳೂರಿನ ಮಂಡಳಿಯ ಹೆಸರು ಬರೆದುಕೊಟ್ಟೆ. “ಇಲ್ಲೇ ದವಾಖಾನ್ಯಾಗ ತಗೋಳ್ಳಂಗಿಲ್ಲೇನ್ರಿ?” ಎಂದ.

ಅವನು ಕೇಳಿದ್ದು ಸರಿ. ಎಮ್ಮೆಯ ಓಲೆ ಗೆದ್ದದ್ದು ಲಸಿಕೆ ಹಾಕುವವರು ಕೊಟ್ಟಿಗೆಗೇ ಬಂದದ್ದರಿಂದ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಅರ್ಜಿ ತೆಗೆದುಕೊಂಡು, ರೇಬೀಸ್ ಲಸಿಕೆಯ ದಿನವೇ ತಾಯಿ ನಾಯಿಗಳಿಗೆ ಚಿಪ್ ಹಾಕಿ, ಒಂದು ರೀಡರನ್ನು ಅಲ್ಲೇ ಇಟ್ಟರೆ ಮುಧೋಳದಿಂದಲೇ ಈ ಕೆಲಸ ಶುರುವಾಗಬಹುದು. ತಳಿ ಇಲ್ಲಿದೆ, ವಿಶ್ವವಿದ್ಯಾಲಯದ ಕೇಂದ್ರ ಇಲ್ಲಿದೆ, ಕೇಳುವ ಹುಡುಗರೂ ಇಲ್ಲಿದ್ದಾರೆ.