ವಿಎಲ್‌ಸಿ ಪ್ಲೇಯರ್‌ನಲ್ಲಿ ಏನೇನು ಬದಲಾಗುತ್ತಿದೆ? ಕನ್ನಡ ಸಬ್‌ಟೈಟಲ್‌ಗೆ ಅದರಿಂದ ಏನು ಪ್ರಯೋಜನ?

ಮುಂಬಯಿ: ಕಿತ್ತಳೆ ಬಣ್ಣದ ಟ್ರಾಫಿಕ್ ಕೋನ್ ಲಾಂಛನದ ವಿಎಲ್‌ಸಿ ಮೀಡಿಯಾ ಪ್ಲೇಯರ್ 600 ಕೋಟಿ ಡೌನ್‌ಲೋಡ್ ದಾಟಿದೆ. 2025ರ ಜನವರಿಯಲ್ಲಿ ಲಾಸ್ ವೇಗಾಸ್‌ನ ಸಿಇಎಸ್ ತಂತ್ರಜ್ಞಾನ ಮೇಳದಲ್ಲಿ ಈ ಅಂಕಿ ಹೇಳಿದ ವಿಡಿಯೊಲ್ಯಾನ್ ಸಂಸ್ಥೆ, ಅಲ್ಲೇ ಇನ್ನೊಂದು ಹೊಸತನ್ನೂ ತೋರಿಸಿತು. ವಿಡಿಯೊ ಓಡುತ್ತಿರುವಾಗಲೇ ಮಾತು ಕೇಳಿಸಿಕೊಂಡು ತಾನೇ ಸಬ್‌ಟೈಟಲ್ ಬರೆಯುವ, ಬೇಕಾದ ಭಾಷೆಗೆ ಅನುವಾದವನ್ನೂ ಮಾಡುವ ವ್ಯವಸ್ಥೆ ಅದು. ಇಂಟರ್ನೆಟ್ ಬೇಕಿಲ್ಲ, ಎಲ್ಲ ಕೆಲಸ ನಮ್ಮ ಕಂಪ್ಯೂಟರ್‌ನ ಒಳಗೇ. 100ಕ್ಕೂ ಹೆಚ್ಚು ಭಾಷೆಗಳಿಗೆ ಇದು ಒದಗುತ್ತದೆ ಎಂಬುದು ಸಂಸ್ಥೆಯ ಮಾತು.

ಇದರಲ್ಲಿ ಕನ್ನಡದ ಪಾಲೆಷ್ಟು? ಉತ್ತರ ಹುಡುಕಬೇಕಾದರೆ ಈ ಪ್ಲೇಯರ್‌ನ ಒಳಗೆ ಕಳೆದ ಕೆಲವು ವರ್ಷಗಳಲ್ಲಿ ಆಗಿರುವ ಬದಲಾವಣೆಗಳನ್ನು ಸ್ವಲ್ಪ ನೋಡಬೇಕು. ಸುದ್ದಿಯಾಗುವ ಬದಲಾವಣೆ ಒಂದಾದರೆ, ನಮಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಇನ್ನೊಂದು.

ಸಬ್‌ಟೈಟಲ್ ಯಾರಿಗೆ ಬೇಕು?

ಮುಂಬಯಿಯ ಆಂಟಾಪ್ ಹಿಲ್‌ನಲ್ಲಿರುವ ಕೇಂದ್ರ ಸರ್ಕಾರಿ ನೌಕರರ ಕಾಲೊನಿಯಂಥ ಜಾಗವನ್ನೇ ತೆಗೆದುಕೊಳ್ಳಿ. ಒಂದೇ ಕಟ್ಟಡದಲ್ಲಿ ನಾಲ್ಕಾರು ಭಾಷೆಯ ಸಂಸಾರಗಳು. ಇಂಥ ಕಡೆ ಬೆಳೆಯುವ ಕನ್ನಡದ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡಿದರೂ ಶಾಲೆಯಲ್ಲಿ ಓದಿ ಬರೆಯುವುದು ಹೆಚ್ಚಾಗಿ ಇಂಗ್ಲಿಷ್, ಹಿಂದಿ, ಮರಾಠಿಯನ್ನು. ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಕನ್ನಡ ಸಿನಿಮಾ ನೋಡುವಾಗ ತೆರೆಯ ಕೆಳಗೆ ಅದೇ ಮಾತು ಕನ್ನಡ ಲಿಪಿಯಲ್ಲಿ ಮೂಡಿದರೆ ಕಿವಿಯ ಜೊತೆ ಕಣ್ಣಿಗೂ ಭಾಷೆ ಸಿಗುತ್ತದೆ. ಕೇಳುವ ಭಾಷೆಯಲ್ಲೇ ಸಬ್‌ಟೈಟಲ್ ಹಾಕಿದರೆ ಓದುವ ಅಭ್ಯಾಸ ಬೆಳೆಯುತ್ತದೆ ಎಂಬ ವಿಚಾರವನ್ನು ಐಐಎಂ ಅಹಮದಾಬಾದ್‌ನಲ್ಲಿ ಬೃಜ್ ಕೊಠಾರಿ 1996ರಿಂದಲೇ ಪ್ರತಿಪಾದಿಸುತ್ತ ಬಂದಿದ್ದಾರೆ. ಶ್ರವಣದೋಷ ಇರುವವರಿಗೆ ಇದರ ಅಗತ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಕನ್ನಡ ಸಬ್‌ಟೈಟಲ್ ಕಡತ ಕೈಯಲ್ಲಿದ್ದರೂ ಅದು ಸರಿಯಾಗಿ ಕಾಣಬೇಕಲ್ಲ!

'ಕನ್‌ನಡ' ಹೋಗಿ 'ಕನ್ನಡ' ಆದದ್ದು

ಇಂಗ್ಲಿಷ್ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತ ಹೋದರೆ ಪದ ಮುಗಿಯಿತು. ಕನ್ನಡದ ಲೆಕ್ಕ ಹಾಗಲ್ಲ. ಕಂಪ್ಯೂಟರ್‌ನ ಯುನಿಕೋಡ್ ಕಡತದಲ್ಲಿ 'ನ್ನ' ಎಂಬುದು ನ, ಹಲಂತ ಚಿಹ್ನೆ, ಮತ್ತೊಂದು ನ ಹೀಗೆ ಮೂರು ಸಂಕೇತಗಳಾಗಿ ಕುಳಿತಿರುತ್ತದೆ. ಎರಡನೆಯ ನ ಒತ್ತಾಗಿ ಕೆಳಗೆ ಇಳಿಯಬೇಕು ಎಂಬುದನ್ನು ತೆರೆಗೆ ಚಿತ್ರಿಸುವ ತಂತ್ರಾಂಶ ತಿಳಿದಿರಬೇಕು. 'ಸೂರ್ಯ' ಪದದಲ್ಲಿ ಇನ್ನೂ ಫಜೀತಿ: ಕಡತದಲ್ಲಿ ಮೊದಲು ಬರುವ ರ, ತೆರೆಯ ಮೇಲೆ ಅರ್ಕಾವತ್ತಾಗಿ ಯ ಅಕ್ಷರದ ನಂತರ ಕಾಣಿಸಿಕೊಳ್ಳಬೇಕು. ಈ ಜೋಡಣೆ ಗೊತ್ತಿಲ್ಲದ ಪ್ಲೇಯರ್ 'ಕನ್‌ನಡ', 'ಸೂರ್‌ಯ' ಎಂದು ಮುರಿದು ತೋರಿಸುತ್ತದೆ. ಆಯ್ಕೆಯಾದ ಫಾಂಟ್‌ನಲ್ಲಿ ಕನ್ನಡವೇ ಇಲ್ಲದಿದ್ದರೆ ಸಾಲುಸಾಲು ಖಾಲಿ ಚೌಕಗಳು.

2018ರ ಫೆಬ್ರವರಿಯಲ್ಲಿ ಬಂದ ವಿಎಲ್‌ಸಿ 3.0 ಇದನ್ನು ಬದಲಿಸಿತು. ಅಕ್ಷರ ಮೂಡಿಸುವ ಭಾಗಕ್ಕೆ ಹಾರ್ಫ್‌ಬಜ್ ಎಂಬ ಓಪನ್ ಸೋರ್ಸ್ ತಂತ್ರಾಂಶದ ಬೆಂಬಲ ಸೇರಿತು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್‌ಗಳಲ್ಲಿ ಭಾರತೀಯ ಲಿಪಿಗಳ ಒತ್ತಕ್ಷರ ಜೋಡಿಸುವುದು ಇದೇ ಹಾರ್ಫ್‌ಬಜ್. ಜೊತೆಗೆ, ಒಂದು ಫಾಂಟ್‌ನಲ್ಲಿ ಅಕ್ಷರ ಸಿಗದಿದ್ದರೆ ಕಂಪ್ಯೂಟರ್‌ನಲ್ಲಿರುವ ಬೇರೆ ಫಾಂಟ್ ಹುಡುಕಿಕೊಳ್ಳುವ ಸೌಲಭ್ಯವೂ ಬಂತು. ಅಂದರೆ ವಿಂಡೋಸ್‌ನ ತುಂಗಾ ಅಥವಾ ನಿರ್ಮಲಾ ಫಾಂಟ್ ಅನ್ನು ಪ್ಲೇಯರ್ ತಾನಾಗಿಯೇ ಬಳಸಿಕೊಳ್ಳಬಲ್ಲದು. ಆ ಬಿಡುಗಡೆಯ ಸುದ್ದಿಗಳಲ್ಲಿ ಕ್ರೋಮ್‌ಕಾಸ್ಟ್, 360 ಡಿಗ್ರಿ ವಿಡಿಯೊ, 8ಕೆ ಇವುಗಳದ್ದೇ ಸದ್ದು. ನಮ್ಮ ಪಾಲಿಗೆ ದೊಡ್ಡದಾಗಿದ್ದ ಬದಲಾವಣೆ ಬಿಡುಗಡೆ ಪಟ್ಟಿಯ ಯಾವುದೋ ಸಾಲಿನಲ್ಲಿ ಸದ್ದಿಲ್ಲದೆ ಕುಳಿತಿತ್ತು.

ಹೀಗಿದ್ದೂ ನಿಮ್ಮ ಪ್ಲೇಯರ್‌ನಲ್ಲಿ ಕನ್ನಡ ವಿಚಿತ್ರವಾಗಿ ಕಂಡರೆ ತಪ್ಪು ಹೆಚ್ಚಾಗಿ ಕಡತದ್ದು. ಯುನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಸಬ್‌ಟೈಟಲ್ ಆಗಿದ್ದರೆ ತೆರೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಬರುತ್ತವೆ. ಅದನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಯುನಿಕೋಡ್‌ನಲ್ಲೇ ಇದ್ದರೆ ಟೂಲ್ಸ್ ಮೆನುವಿನ ಪ್ರಿಫರೆನ್ಸಸ್‌ಗೆ ಹೋಗಿ, ಸಬ್‌ಟೈಟಲ್ಸ್ ವಿಭಾಗದಲ್ಲಿ ಡಿಫಾಲ್ಟ್ ಎನ್‌ಕೋಡಿಂಗ್ ಅನ್ನು ಯುಟಿಎಫ್-8 ಮಾಡಿ. ಮಾತಿಗಿಂತ ಸಾಲು ಹಿಂದೆಮುಂದೆ ಆಗುತ್ತಿದ್ದರೆ ಕೀಲಿಮಣೆಯ ಜಿ ಮತ್ತು ಎಚ್ ಒತ್ತಿ ಸರಿಹೊಂದಿಸಬಹುದು.

ಈ ಪ್ಲೇಯರ್ ಯಾರದ್ದು?

1996ರಲ್ಲಿ ಫ್ರಾನ್ಸ್‌ನ ಎಕೋಲ್ ಸಾಂತ್ರಾಲ್ ಪ್ಯಾರಿಸ್ ಕಾಲೇಜಿನ ವಿದ್ಯಾರ್ಥಿಗಳು ಕ್ಯಾಂಪಸ್ ನೆಟ್‌ವರ್ಕ್‌ನಲ್ಲಿ ವಿಡಿಯೊ ಹರಿಸಲು ಶುರು ಮಾಡಿದ ಯೋಜನೆ ಇದು. 2001ರ ಫೆಬ್ರವರಿಯಲ್ಲಿ ಜಿಪಿಎಲ್ ಪರವಾನಗಿಯಡಿ ಇದರ ಮೂಲಸಂಕೇತ ಎಲ್ಲರಿಗೂ ಮುಕ್ತವಾಯಿತು. ಈಗ ನಡೆಸುತ್ತಿರುವುದು ಲಾಭದ ಉದ್ದೇಶವಿಲ್ಲದ ವಿಡಿಯೊಲ್ಯಾನ್ ಸಂಸ್ಥೆ. ಅಧ್ಯಕ್ಷರು ಜಾನ್-ಬಾಪ್ಟಿಸ್ಟ್ ಕೆಂಪ್ಫ್. ಜಾಹೀರಾತು ಸೇರಿಸಿದರೆ ಕೋಟಿಗಟ್ಟಲೆ ಹಣ ಕೊಡುತ್ತೇವೆಂದು ಬಂದವರನ್ನು ವಾಪಸ್ ಕಳಿಸಿದ್ದಾಗಿ ಅವರು ಹೇಳಿಕೊಂಡಿದ್ದಾರೆ. ಮೂಲಸಂಕೇತದಲ್ಲಿ ಯಾರು ಯಾವ ಸಾಲು ಬದಲಿಸಿದರು ಎಂಬುದನ್ನು ಯಾರು ಬೇಕಾದರೂ ನೋಡಬಹುದು.

2022ರಲ್ಲಿ ಬಾಗಿಲು ಮುಚ್ಚಿದಾಗ

ಜಗತ್ತಿನ ವಿಎಲ್‌ಸಿ ಬಳಕೆದಾರರಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಭಾರತದ್ದು ಎಂದು ಕೆಂಪ್ಫ್ ಹೇಳಿದ್ದರು. ಅದೇ ಭಾರತದಲ್ಲಿ 2022ರ ಆರಂಭದಿಂದ ವಿಡಿಯೊಲ್ಯಾನ್‌ನ ಅಧಿಕೃತ ಜಾಲತಾಣ ಹಲವು ಇಂಟರ್ನೆಟ್ ಸಂಪರ್ಕಗಳಲ್ಲಿ ತೆರೆಯದಾಯಿತು. ಸಂಸ್ಥೆಗೆ ನೋಟಿಸ್ ಇಲ್ಲ, ಕಾರಣ ಹೇಳಿದವರಿಲ್ಲ. ಮಾಹಿತಿ ಹಕ್ಕಿನಡಿ ಕೇಳಿದ ಪ್ರಶ್ನೆಗೆ ಮಾಹಿತಿ ತಂತ್ರಜ್ಞಾನ ಸಚಿವಾಲಯದಿಂದ ಬಂದ ಉತ್ತರ, ಮಾಹಿತಿ ಲಭ್ಯವಿಲ್ಲ ಎಂದು. ಕೊನೆಗೆ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ವಿಡಿಯೊಲ್ಯಾನ್ ಅಕ್ಟೋಬರ್‌ನಲ್ಲಿ ಸರ್ಕಾರಕ್ಕೆ ಕಾನೂನು ನೋಟಿಸ್ ಕಳಿಸಿತು. ನವೆಂಬರ್‌ನಲ್ಲಿ ನಿರ್ಬಂಧ ತೆರವಾಯಿತು.

ಆಂಡ್ರಾಯ್ಡ್ ಆ್ಯಪ್ ಪ್ಲೇ ಸ್ಟೋರ್‌ನಲ್ಲಿ ಸಿಗುತ್ತಿತ್ತು, ಈಗಾಗಲೇ ಹಾಕಿಕೊಂಡಿದ್ದ ಪ್ಲೇಯರ್ ಓಡುತ್ತಲೂ ಇತ್ತು. ಹಾಗಿದ್ದರೆ ನಷ್ಟವೇನು ಅನ್ನಬಹುದು. ತೊಂದರೆ ಇರುವುದು ಇಲ್ಲಿ: ಅಸಲಿ ಅಂಗಡಿಯ ಬಾಗಿಲು ಹಾಕಿದರೆ ಗಿರಾಕಿ ಬೀದಿ ಬದಿಯ ನಕಲಿ ಮಾಲಿಗೆ ಕೈಹಾಕುತ್ತಾನೆ. ವಿಎಲ್‌ಸಿಯ ಅಸಲಿ ಕಾರ್ಯಕಡತದ ಪಕ್ಕದಲ್ಲೇ ದುರುದ್ದೇಶದ ಕಡತವಿಟ್ಟು ದಾಳಿಗೆ ಬಳಸುವ ಸಿಕಾಡಾ ಎಂಬ ಹ್ಯಾಕರ್ ಗುಂಪಿನ ಬಗ್ಗೆ ಸಿಮ್ಯಾಂಟೆಕ್ ಅದೇ ವರ್ಷ ಏಪ್ರಿಲ್‌ನಲ್ಲಿ ವರದಿ ಮಾಡಿತ್ತು. ಇಂಥ ಸಮಯದಲ್ಲಿ ಬಳಕೆದಾರರಿಗೆ ಬೇಕಿದ್ದದ್ದು ಅಧಿಕೃತ ತಾಣ ತೆರೆದಿರುವುದು. ಆಗಿದ್ದು ಅದರ ತದ್ವಿರುದ್ಧ.

ಅಪ್‌ಡೇಟ್ ಯಾಕೆ ಮುಖ್ಯ?

ವಿಡಿಯೊ ಕಡತ ಎಂದರೆ ಹೊರಗಿನಿಂದ ಬಂದ ದತ್ತಾಂಶ. ಅದನ್ನು ಬಿಡಿಸುವ ಸಂಕೇತದಲ್ಲಿ ಲೋಪವಿದ್ದರೆ ಕಂಪ್ಯೂಟರ್‌ಗೇ ಕನ್ನ ಬೀಳಬಹುದು. 2019ರಲ್ಲಿ ಐರೋಪ್ಯ ಒಕ್ಕೂಟದ ಹಣದಲ್ಲಿ, ಲೋಪ ಹುಡುಕಿದವರಿಗೆ ಬಹುಮಾನ ಕೊಡುವ ಯೋಜನೆ ನಡೆದಾಗ ವಿಎಲ್‌ಸಿ 3.0.7 ಒಂದರಲ್ಲೇ 33 ಭದ್ರತಾ ದೋಷಗಳನ್ನು ಸರಿಪಡಿಸಲಾಯಿತು. ಮರುತಿಂಗಳೇ ಇನ್ನೊಂದು 'ಗಂಭೀರ ದೋಷ'ದ ಸುದ್ದಿ ಹಬ್ಬಿತು. ನೋಡಿದರೆ ಅದು ವಿಎಲ್‌ಸಿ ಎರವಲು ಪಡೆದ ಬೇರೊಂದು ತಂತ್ರಾಂಶದ ದೋಷ, ಅದೂ 16 ತಿಂಗಳ ಹಿಂದೆಯೇ ಸರಿಹೋಗಿತ್ತು. ವರದಿ ಮಾಡಿದವರ ಕಂಪ್ಯೂಟರ್‌ನಲ್ಲಿ ಹಳೆಯ ಆವೃತ್ತಿ ಉಳಿದುಕೊಂಡಿತ್ತಷ್ಟೆ. ಪೆನ್‌ಡ್ರೈವ್‌ನಲ್ಲಿ ಬಂದ ಐದಾರು ವರ್ಷ ಹಳೆಯ ವಿಎಲ್‌ಸಿಯನ್ನೇ ಇಂದಿಗೂ ಬಳಸುವವರು ಇದನ್ನು ಗಮನಿಸಬೇಕು.

ಅಗ್ಗದ ಫೋನ್‌ಗೂ ಒಂದು ಕೊಡುಗೆ

ವಿಎಲ್‌ಸಿಯನ್ನೇ ಬಳಸದವರಿಗೂ ಈ ತಂಡದ ಕೆಲಸ ತಲುಪಿದೆ. ಕಡಿಮೆ ಡೇಟಾದಲ್ಲಿ ಉತ್ತಮ ಚಿತ್ರ ಕೊಡುವ ಎವಿ1 ಎಂಬ ವಿಡಿಯೊ ವಿಧಾನವಿದೆ. ಅದನ್ನು ಬಿಡಿಸುವ ವಿಶೇಷ ಚಿಪ್ ದುಬಾರಿ ಫೋನ್‌ಗಳಲ್ಲೇ ಹೆಚ್ಚು. ಚಿಪ್ ಇಲ್ಲದ ಕಡೆ ತಂತ್ರಾಂಶದಿಂದಲೇ ವೇಗವಾಗಿ ಬಿಡಿಸಲು ವಿಡಿಯೊಲ್ಯಾನ್ 2018ರಲ್ಲಿ ಡೇವಿಡ್ ಹೆಸರಿನ ಡಿಕೋಡರ್ ಪ್ರಕಟಿಸಿತು. 2024ರಲ್ಲಿ ಗೂಗಲ್ ಇದನ್ನು ಆಂಡ್ರಾಯ್ಡ್ 12 ಮತ್ತು ನಂತರದ ಫೋನ್‌ಗಳಿಗೆ ಅಪ್‌ಡೇಟ್ ಮೂಲಕ ಸೇರಿಸಿತು. ಬಸ್ಸಿನಲ್ಲಿ ಕುಳಿತು ಯೂಟ್ಯೂಬ್ ನೋಡುವವರ ಫೋನ್‌ನಲ್ಲೂ ಪ್ಯಾರಿಸ್‌ನ ಈ ಯೋಜನೆಯ ಸಂಕೇತ ಓಡುತ್ತಿರಬಹುದು.

4.0 ಎಲ್ಲಿಗೆ ಬಂತು?

ಮುಂದಿನ ದೊಡ್ಡ ಆವೃತ್ತಿ 4.0. ಹೊಸ ಮುಖಪುಟ, ಹಾಡು-ವಿಡಿಯೊಗಳನ್ನು ಚಿತ್ರಸಹಿತ ಜೋಡಿಸಿಡುವ ಗ್ರಂಥಾಲಯ, ಧ್ವನಿ-ಚಿತ್ರಗಳ ಹೊಂದಾಣಿಕೆ ನೋಡಿಕೊಳ್ಳುವ ಗಡಿಯಾರದ ಭಾಗದ ಪೂರ್ಣ ಮರುರಚನೆ ಇದರಲ್ಲಿವೆ. 2019ರಲ್ಲೇ ಇದರ ರೂಪ ತೋರಿಸಿದ್ದರೂ 2025 ಬಂದಾಗಲೂ ಪರೀಕ್ಷಾ ಆವೃತ್ತಿಯಾಗಿಯೇ ಉಳಿದಿತ್ತು. ಅಷ್ಟರಲ್ಲಿ 3.0 ಸರಣಿಯೇ ಸಣ್ಣ ಸಣ್ಣ ಪರಿಷ್ಕರಣೆಗಳಲ್ಲಿ ಮುಂದುವರಿದು 2024ರ ಜೂನ್‌ನಲ್ಲಿ 3.0.21 ಆಯಿತು. ನಿಧಾನ ಎಂದು ಬೇಸರಿಸುವವರಿದ್ದಾರೆ. ಅರ್ಧ ಬೆಂದದ್ದನ್ನು ಕೋಟ್ಯಂತರ ಜನರಿಗೆ ಬಡಿಸುವುದಕ್ಕಿಂತ ಇದೇ ವಾಸಿ.

ಇನ್ನು ಎಐ ಸಬ್‌ಟೈಟಲ್. ಇಂಥ ಕೆಲಸಕ್ಕೆ ಸಿಗುವ ಮುಕ್ತ ಮಾದರಿಗಳಲ್ಲಿ ಹೆಸರಾದದ್ದು ಓಪನ್‌ಎಐನ ವಿಸ್ಪರ್. ಅದರ ಭಾಷಾ ಪಟ್ಟಿಯಲ್ಲಿ ಕನ್ನಡವೂ ಇದೆ. ಆದರೆ 2022ರಲ್ಲಿ ಅದನ್ನು ಕಲಿಸಲು ಬಳಸಿದ 6.8 ಲಕ್ಷ ಗಂಟೆಗಳ ಧ್ವನಿಯಲ್ಲಿ ಸುಮಾರು ಮೂರನೇ ಎರಡು ಭಾಗ ಇಂಗ್ಲಿಷ್. ಉಳಿದ 96 ಭಾಷೆಗಳನ್ನು ಆಯಾ ಲಿಪಿಯಲ್ಲಿ ಬರೆಯಲು ಕಲಿಸಿದ್ದು ಒಟ್ಟು 1.17 ಲಕ್ಷ ಗಂಟೆ. ಪಟ್ಟಿಯಲ್ಲಿ ಹೆಸರಿರುವುದು ಬೇರೆ, ಧಾರವಾಡದ ಮಾತನ್ನೂ ಕುಂದಾಪುರದ ಮಾತನ್ನೂ ತಪ್ಪಿಲ್ಲದೆ ಬರೆಯುವುದು ಬೇರೆ. ಸಿನಿಮಾದ ಹಿನ್ನೆಲೆ ಸಂಗೀತ, ಒಟ್ಟೊಟ್ಟಿಗೆ ಮಾತಾಡುವ ಪಾತ್ರಗಳು ಸೇರಿದರೆ ಯಂತ್ರಕ್ಕೆ ಇನ್ನೂ ಕಷ್ಟ. ಸದ್ಯಕ್ಕೆ ಮನುಷ್ಯರು ತಿದ್ದಿದ ಸಬ್‌ಟೈಟಲ್‌ಗೆ ಇದು ಬದಲಿಯಾಗಲಾರದು. ಆದರೂ ಏನೂ ಇಲ್ಲದ ಹಳೆಯ ಚಿತ್ರಕ್ಕೆ ಮೊದಲ ಕರಡು ಇದರಿಂದ ಸಿಕ್ಕರೆ, ತಿದ್ದುವವರ ಕೆಲಸ ಹಗುರವಾಗುತ್ತದೆ.

ಕುತೂಹಲವಿದ್ದವರು 4.0ರ ಪರೀಕ್ಷಾ ಆವೃತ್ತಿಯನ್ನು ವಿಡಿಯೊಲ್ಯಾನ್‌ನ ನೈಟ್ಲಿ ಬಿಲ್ಡ್ ಪುಟದಿಂದ ಪಡೆಯಬಹುದು. ಇರುವ ಪ್ಲೇಯರ್ ತೆಗೆಯದೆ, ಜಿಪ್ ಕಡತವನ್ನು ಬೇರೆ ಫೋಲ್ಡರ್‌ನಲ್ಲಿ ಬಿಚ್ಚಿ ಓಡಿಸಿ. ಮಧ್ಯೆ ನಿಂತುಹೋಗುವ ಸಾಧ್ಯತೆ ಇದ್ದೇ ಇರುತ್ತದೆ. ಕನ್ನಡ ಸಾಲು ಎಲ್ಲಾದರೂ ಮುರಿದು ಕಂಡರೆ, ಆ ಸಬ್‌ಟೈಟಲ್ ಕಡತ ಮತ್ತು ತೆರೆಯ ಚಿತ್ರದೊಂದಿಗೆ ಸಂಸ್ಥೆಯ ಗಿಟ್‌ಲ್ಯಾಬ್ ತಾಣದಲ್ಲಿ ವರದಿ ಹಾಕಲು ಯಾರಿಗೂ ಅವಕಾಶವಿದೆ. 'ಕನ್‌ನಡ' ಯಾಕೆ ತಪ್ಪು ಎಂಬುದನ್ನು ಕನ್ನಡ ಓದಲು ಬಾರದ ಪ್ರೋಗ್ರಾಮರ್‌ಗೆ ಅರ್ಥವಾಗುವಂತೆ, ಸರಿಯಾದ ರೂಪವನ್ನೂ ಪಕ್ಕದಲ್ಲಿಟ್ಟು ತೋರಿಸಿದರೆ ಒಳ್ಳೆಯದು.