ಪಹಣಿಯ ದತ್ತಸಂಚಯ: ನಿರ್ವಹಣೆ, ಭದ್ರತೆ ಮತ್ತು ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಕೃಷಿ ಜಮೀನಿನ ಮೇಲೆ ಸಾಲ ಪಡೆಯಲು, ಜಮೀನನ್ನು ಮಾರಾಟ ಮಾಡಲು ಅಥವಾ ಬೆಳೆ ಪರಿಹಾರಕ್ಕೆ ಅರ್ಜಿ ಸಲ್ಲಿಸಲು ಸಾರ್ವಜನಿಕರು ಮೊದಲು ಹಾಜರುಪಡಿಸುವ ದಾಖಲೆಯೆಂದರೆ ಗೇಣಿ ಮತ್ತು ಪಹಣಿ ಪತ್ರಿಕೆ, ಅಂದರೆ ನಮೂನೆ 16ರ ಆರ್.ಟಿ.ಸಿ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಕಲಂ 133ರ ಪ್ರಕಾರ ಹಕ್ಕು ದಾಖಲೆಯಲ್ಲಿನ ನಮೂದನ್ನು, ಅದು ತಪ್ಪೆಂದು ರುಜುವಾತಾಗುವವರೆಗೆ ಅಥವಾ ಕಾನೂನು ರೀತ್ಯಾ ಹೊಸ ನಮೂದು ಬರುವವರೆಗೆ, ಸತ್ಯವೆಂದೇ ಭಾವಿಸಲಾಗುತ್ತದೆ. ಇಷ್ಟು ಬೆಲೆಯುಳ್ಳ ನಮೂದು ಇಂದು ಕಾಗದದ ಪುಸ್ತಕದಲ್ಲಿರುವುದಿಲ್ಲ; ಗಣಕಯಂತ್ರದ ದತ್ತಸಂಚಯದಲ್ಲಿ, ಅಂದರೆ ಡೇಟಾಬೇಸ್‌ನಲ್ಲಿ ಇರುತ್ತದೆ. ಅದನ್ನು ಯಾರು ಬದಲಿಸಬಲ್ಲರು, ಬದಲಾವಣೆಗೆ ಏನು ಸಾಕ್ಷಿ ಉಳಿಯುತ್ತದೆ ಎಂಬುದನ್ನು ಜಮೀನುದಾರರು ತಿಳಿದಿರುವುದು ಅವಶ್ಯಕ.

ಗಣಕೀಕರಣಕ್ಕೆ ಮೊದಲು ಪಹಣಿ ಪುಸ್ತಕಗಳು ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿದ್ದವು. ಪ್ರತಿ ಪಡೆಯಲು ಅವರನ್ನು ಹುಡುಕಿಕೊಂಡು ಹೋಗಬೇಕಿತ್ತು; ಪುಸ್ತಕದಲ್ಲಿ ಒಂದು ಹೆಸರನ್ನು ಹೊಡೆದುಹಾಕಿ ಮತ್ತೊಂದನ್ನು ಬರೆದರೆ ಯಾವ ದಿನ, ಯಾರ ಆದೇಶದ ಮೇಲೆ ಬರೆಯಲಾಯಿತೆಂದು ಹೇಳುವುದು ಕಷ್ಟವಾಗಿತ್ತು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಾಂತ್ರಿಕ ನೆರವಿನೊಂದಿಗೆ ರೂಪುಗೊಂಡ ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. 2000ರ ದಶಕದ ಆರಂಭದಲ್ಲಿ ತಾಲ್ಲೂಕು ಕಚೇರಿಯ ಕಿಯೋಸ್ಕ್‌ಗಳಲ್ಲಿ 15 ರೂಪಾಯಿ ಶುಲ್ಕಕ್ಕೆ ಮುದ್ರಿತ ಪಹಣಿ ದೊರೆಯತೊಡಗಿತು ಮತ್ತು ಕೈಬರಹದ ಪಹಣಿಗಳು ಮಾನ್ಯತೆ ಕಳೆದುಕೊಂಡವು. ಆರಂಭದಲ್ಲಿ ಪ್ರತಿ ತಾಲ್ಲೂಕಿಗೂ ಪ್ರತ್ಯೇಕ ದತ್ತಸಂಚಯವಿದ್ದು, ನಂತರ ಅವುಗಳನ್ನು ಬೆಂಗಳೂರಿನ ದತ್ತಾಂಶ ಕೇಂದ್ರದಲ್ಲಿ ಒಗ್ಗೂಡಿಸಲಾಯಿತು.

ಕೋಷ್ಟಕಗಳ ವ್ಯವಸ್ಥೆ

ಇಂತಹ ದಾಖಲೆಗಳನ್ನು ಸಂಬಂಧಾತ್ಮಕ ದತ್ತಸಂಚಯದಲ್ಲಿ ಇಡಲಾಗುತ್ತದೆ. ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಇ.ಎಫ್. ಕಾಡ್ ಅವರು 1970ರಲ್ಲಿ ಪ್ರಕಟಿಸಿದ ಪ್ರಬಂಧ ಇದಕ್ಕೆ ಮೂಲ. ಮಾಹಿತಿಯನ್ನು ಸಾಲು ಮತ್ತು ಅಂಕಣಗಳುಳ್ಳ ಕೋಷ್ಟಕಗಳಲ್ಲಿ ಬರೆದು, ಒಂದು ಕೋಷ್ಟಕದ ಸಾಲನ್ನು ಇನ್ನೊಂದರ ಸಾಲಿಗೆ ಗುರುತಿನ ಸಂಖ್ಯೆಯ ಮೂಲಕ ಜೋಡಿಸುವುದು ಇದರ ತಿರುಳು. ಪಹಣಿಯ ವಿಷಯದಲ್ಲಿ ಆ ಗುರುತು ಗ್ರಾಮ, ಸರ್ವೆ ನಂಬರ್, ಸರ್ನೋಕ್ ಮತ್ತು ಹಿಸ್ಸಾ ನಂಬರ್‌ಗಳಿಂದ ಕೂಡಿರುತ್ತದೆ. ಅನೇಕ ಪಹಣಿಗಳಲ್ಲಿ ಸರ್ನೋಕ್ ಜಾಗದಲ್ಲಿ ಬರೀ ನಕ್ಷತ್ರದ ಗುರುತು ಕಾಣುತ್ತದೆ. ಅದು ಮುದ್ರಣದೋಷವೆಂದು ಭಾವಿಸಿ ಅರ್ಜಿಯಲ್ಲಿ ಬಿಟ್ಟುಬಿಡುವುದು ಸರಿಯಲ್ಲ. ಅದೂ ಗುರುತಿನ ಒಂದು ಭಾಗ.

ಕೋಷ್ಟಕಗಳಿಗೆ ನಿಯಮಗಳನ್ನು ವಿಧಿಸಬಹುದು. ಒಂದು ಎಕರೆಗೆ 40 ಗುಂಟೆ. ಹೀಗಾಗಿ ಗುಂಟೆಯ ಅಂಕಣದಲ್ಲಿ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಕಿಯನ್ನು ಬೆರಳಚ್ಚಿಸಿದರೆ ಗಣಕಯಂತ್ರ ಅದನ್ನು ತಿರಸ್ಕರಿಸುವಂತೆ ಮಾಡಬಹುದು. ಅದೇ ರೀತಿ ಮಾಲೀಕರ ವಿಸ್ತೀರ್ಣಗಳ ಮೊತ್ತ ಜಮೀನಿನ ಒಟ್ಟು ವಿಸ್ತೀರ್ಣವನ್ನು ಮೀರದಂತೆ ತಡೆಯಬಹುದು. ಕಾಗದದ ಪುಸ್ತಕಕ್ಕೆ ಕೂಡಿಸಿ ನೋಡುವ ಶಕ್ತಿ ಇರಲಿಲ್ಲ. ಎಷ್ಟೋ ಹಳೆಯ ತಕರಾರುಗಳು ಬೆಳೆದಿರುವುದು ಈ ಕೂಡಿಕೆಯ ತಪ್ಪಿನಿಂದಲೇ.

ಇದಕ್ಕಿಂತ ಮುಖ್ಯವಾದುದು ವಹಿವಾಟಿನ ಅಖಂಡತೆ. ಉದಾಹರಣೆಗೆ, 4 ಎಕರೆ 20 ಗುಂಟೆ ಜಮೀನು ಮೂವರು ಸಹೋದರರಿಗೆ ತಲಾ 1 ಎಕರೆ 20 ಗುಂಟೆಯಂತೆ ವಿಭಾಗವಾಗಿದೆಯೆಂದು ಇಟ್ಟುಕೊಳ್ಳೋಣ. ತಂದೆಯ ಹೆಸರನ್ನು ತೆಗೆದು, ಮೊದಲ ಸಹೋದರನ ಹೆಸರನ್ನು ಬರೆಯುವಷ್ಟರಲ್ಲಿ ವಿದ್ಯುತ್ ಕಡಿತವಾದರೆ ಉಳಿದ 3 ಎಕರೆ ಯಾರಿಗೂ ಸೇರದ ಜಮೀನಾಗಬೇಕಾಗುತ್ತದೆ. ದತ್ತಸಂಚಯ ಇದಕ್ಕೆ ಅವಕಾಶ ಕೊಡುವುದಿಲ್ಲ. ಮೂರೂ ನಮೂದುಗಳು ಒಟ್ಟಿಗೆ ದಾಖಲಾಗುತ್ತವೆ, ಇಲ್ಲವೇ ಒಂದೂ ದಾಖಲಾಗದೆ ಪಹಣಿ ಮೊದಲಿನಂತೆಯೇ ಉಳಿಯುತ್ತದೆ. ಒಂದೇ ಹಿಸ್ಸಾದ ಮೇಲೆ ಇಬ್ಬರು ಸಿಬ್ಬಂದಿ ಏಕಕಾಲದಲ್ಲಿ ತಿದ್ದಲು ತೊಡಗಿದರೆ, ಮೊದಲನೆಯವರ ಕೆಲಸ ಮುಗಿಯುವವರೆಗೆ ಎರಡನೆಯವರನ್ನು ಕಾಯಿಸಲಾಗುತ್ತದೆ.

ಬದಲಿಸುವ ಅಧಿಕಾರ ಯಾರಿಗಿದೆ

ನೋಡುವ ಅಧಿಕಾರ ಬೇರೆ, ನಮೂದಿಸುವ ಅಧಿಕಾರ ಬೇರೆ, ಅನುಮೋದಿಸುವ ಅಧಿಕಾರ ಬೇರೆ. ದತ್ತಸಂಚಯದ ಭದ್ರತೆಯ ಬಹುಪಾಲು ಈ ಮೂರನ್ನು ಒಬ್ಬರ ಕೈಗೆ ಕೊಡದಿರುವುದರಲ್ಲೇ ಇದೆ. ಕಂಪ್ಯೂಟರ್‌ಗೆ ಮಾಹಿತಿ ತುಂಬುವವರು ತಾವು ತುಂಬಿದ್ದನ್ನು ತಾವೇ ಅಂಗೀಕರಿಸುವಂತಿರಬಾರದು. ಭೂಮಿ ವ್ಯವಸ್ಥೆಯಲ್ಲಿ ಗುಪ್ತಪದವನ್ನಷ್ಟೇ ನಂಬದೆ ಸಿಬ್ಬಂದಿಯ ಬೆರಳಿನ ಗುರುತನ್ನು ಪಡೆಯುವ ಪದ್ಧತಿಯನ್ನು ತರಲಾಯಿತು. ಕಾರಣ ಸರಳ. ಗುಪ್ತಪದವನ್ನು ಚೀಟಿಯಲ್ಲಿ ಬರೆದು ಮೇಜಿನ ಗಾಜಿನಡಿ ಇಡುವ ಅಭ್ಯಾಸ ಕಚೇರಿಗಳಲ್ಲಿ ಅಪರೂಪವೇನಲ್ಲ, ಬೆರಳನ್ನು ಹಾಗೆ ಇಟ್ಟುಹೋಗಲಾಗದು. ಆಮೇಲೆ 'ಆ ತಿದ್ದುಪಡಿ ತನ್ನದಲ್ಲ' ಎಂದು ಹೇಳುವುದಕ್ಕೂ ಅವಕಾಶ ಉಳಿಯುವುದಿಲ್ಲ. ಹಕ್ಕು ಬದಲಾವಣೆಯ ಮೂಲ ಆದೇಶವನ್ನು ಸ್ಕ್ಯಾನ್ ಮಾಡಿ ಇಡುವ ಏರ್ಪಾಡು, ಅರ್ಜಿಗಳನ್ನು ಸ್ವೀಕರಿಸಿದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶವೇ ಕಟ್ಟುಪಾಡು ಹಾಕುವ ವಿಧಾನ ಇವೂ ಇದೇ ಉದ್ದೇಶದವು.

ಈ ಎಲ್ಲ ಬಾಗಿಲುಗಳನ್ನು ದಾಟಬಲ್ಲ ಒಬ್ಬ ವ್ಯಕ್ತಿ ಯಾವುದೇ ದತ್ತಸಂಚಯದಲ್ಲಿ ಇದ್ದೇ ಇರುತ್ತಾನೆ: ಅದರ ನಿರ್ವಾಹಕ. ಅರ್ಜಿ, ನೋಟೀಸು, ಅನುಮೋದನೆ ಯಾವುದೂ ಇಲ್ಲದೆ ಕೋಷ್ಟಕದ ಸಾಲನ್ನು ನೇರವಾಗಿ ತಿದ್ದುವ ತಾಂತ್ರಿಕ ಶಕ್ತಿ ಆತನಿಗಿರುತ್ತದೆ. ಆದುದರಿಂದ ಉತ್ತಮ ಆಡಳಿತದಲ್ಲಿ ಪ್ರತಿ ತಿದ್ದುಪಡಿಯ ಹಳೆಯ ಮೌಲ್ಯ, ಹೊಸ ಮೌಲ್ಯ, ಸಮಯ ಮತ್ತು ಮಾಡಿದವರ ಗುರುತುಗಳ ದಿನಚರಿಯನ್ನು ನಿರ್ವಾಹಕನ ಕೈಗೆ ಸಿಗದ ಬೇರೆ ಜಾಗದಲ್ಲಿ ಇಡಲಾಗುತ್ತದೆ ಮತ್ತು ಅದನ್ನು ಬೇರೊಬ್ಬ ಅಧಿಕಾರಿ ಪರಿಶೀಲಿಸುತ್ತಾರೆ. ಯಾರೂ ಓದದ ದಿನಚರಿ ಇದ್ದರೂ ಇಲ್ಲದಂತೆಯೇ.

ನಕಲು ಪ್ರತಿ ಮತ್ತು ಮರುಸ್ಥಾಪನೆ

ದತ್ತಸಂಚಯದ ಪೂರ್ಣ ನಕಲನ್ನು ನಿಗದಿತ ಅಂತರದಲ್ಲಿ ತೆಗೆದು, ನಡುವಿನ ಬದಲಾವಣೆಗಳ ದಿನಚರಿಯನ್ನು ಅದರೊಂದಿಗೆ ಕಾಪಾಡಿದರೆ, ಯಂತ್ರ ಕೆಟ್ಟಾಗ ಕೆಡುವ ಕ್ಷಣದ ಸ್ವಲ್ಪ ಮುಂಚಿನ ಸ್ಥಿತಿಗೆ ಮರಳಬಹುದು. ನಕಲು ಅದೇ ಕಟ್ಟಡದಲ್ಲಿದ್ದರೆ ಬೆಂಕಿ ಅಥವಾ ನೆರೆಯಲ್ಲಿ ಎರಡೂ ಹೋಗುತ್ತವೆ. ನಕಲಿನಿಂದ ದತ್ತಸಂಚಯವನ್ನು ಮತ್ತೆ ಎಬ್ಬಿಸಿ ಪರೀಕ್ಷಿಸುವುದು ಕಡ್ಡಾಯವಾಗಿ ನಡೆಯಬೇಕಾದ ಕೆಲಸ.

ಹೆಸರಿನಿಂದ ಹುಡುಕಿದಾಗ ಸಿಗದಿರುವುದೇಕೆ

ಸರ್ವೆ ನಂಬರ್ ಕೊಟ್ಟರೆ ಕ್ಷಣದಲ್ಲಿ ದೊರೆಯುವ ಪಹಣಿ, ಮಾಲೀಕರ ಹೆಸರು ಕೊಟ್ಟರೆ ತಡವಾಗಿ ದೊರೆಯುವುದು ಅಥವಾ ದೊರೆಯದೇ ಇರುವುದು ಉಂಟು. ಸರ್ವೆ ನಂಬರಿಗೆ ನಿಘಂಟಿನ ಅಕಾರಾದಿಯಂತೆ ಒಂದು ಸೂಚಿಯನ್ನು ಕಟ್ಟಿಟ್ಟಿರುತ್ತಾರೆ. ಯಂತ್ರ ನೇರವಾಗಿ ಆ ಪುಟಕ್ಕೇ ಹೋಗುತ್ತದೆ. ಸೂಚಿಯಿಲ್ಲದ ಅಂಕಣದಲ್ಲಿ ಹುಡುಕುವಾಗ ಮೊದಲಿನಿಂದ ಕೊನೆಯವರೆಗೆ ಎಲ್ಲ ಸಾಲುಗಳನ್ನೂ ಓದಬೇಕು. ಹಾಗೆಂದು ಪ್ರತಿ ಅಂಕಣಕ್ಕೂ ಸೂಚಿ ಕಟ್ಟುವಂತಿಲ್ಲ, ಏಕೆಂದರೆ ಒಂದು ಹೊಸ ನಮೂದು ಬಂದಾಗಲೆಲ್ಲ ಎಲ್ಲ ಸೂಚಿಗಳನ್ನೂ ತಿದ್ದಬೇಕಾಗಿ ಬರವಣಿಗೆಯ ಕೆಲಸ ನಿಧಾನವಾಗುತ್ತದೆ. ಯಾವುದಕ್ಕೆ ಸೂಚಿ ಬೇಕು, ಯಾವುದಕ್ಕೆ ಬೇಡ ಎಂದು ನಿರ್ಧರಿಸುವುದು ನಿರ್ವಾಹಕರ ನಿತ್ಯದ ಕೆಲಸ.

ಹೆಸರಿನ ವಿಷಯದಲ್ಲಿ ಸೂಚಿಯೊಂದೇ ಸಾಲದು. ಸಿದ್ದಪ್ಪ, ಸಿದ್ಧಪ್ಪ, ರಾಮೇಗೌಡ, ರಾಮೇ ಗೌಡ, ಜನರಿಗೆ ಒಬ್ಬನೇ ವ್ಯಕ್ತಿ, ಯಂತ್ರಕ್ಕೆ ಬೇರೆ ಬೇರೆ ಅಕ್ಷರಸಾಲುಗಳು. ಯೂನಿಕೋಡ್ ಬರಹದಲ್ಲಿ ಇನ್ನೊಂದು ತೊಡಕಿದೆ: 'ಸೂರ್ಯ' ಎಂಬುದನ್ನು ಅರ್ಕಾವೊತ್ತಿನಿಂದ ಬರೆದಾಗ ಮತ್ತು ರಕಾರದ ಕೆಳಗೆ ಯಕಾರದ ಒತ್ತು ಕೊಟ್ಟು ಬರೆದಾಗ, ಎರಡನೆಯ ರೂಪದಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿರುತ್ತದೆ. ಎರಡನ್ನೂ ಒಂದೇ ಎಂದು ಗಣಿಸುವಂತೆ ತಂತ್ರಾಂಶದಲ್ಲಿ ವ್ಯವಸ್ಥೆ ಮಾಡದಿದ್ದಲ್ಲಿ ಹುಡುಕಾಟ ವಿಫಲವಾಗುತ್ತದೆ. ಹೆಸರು ಸಿಗಲಿಲ್ಲವೆಂದ ಮಾತ್ರಕ್ಕೆ ದಾಖಲೆ ಇಲ್ಲವೆಂದು ತೀರ್ಮಾನಿಸದೆ ಸರ್ವೆ ನಂಬರ್ ಮತ್ತು ಹಿಸ್ಸಾ ಸಮೇತ ವಿಚಾರಿಸುವುದು ಸೂಕ್ತ.

ದತ್ತಸಂಚಯಕ್ಕೆ ತಿಳಿಯದ ವಿಷಯ

ಮೇಲೆ ವಿವರಿಸಿದ ಏರ್ಪಾಡುಗಳೆಲ್ಲ ನಮೂದನ್ನು ಕದ್ದು ತಿದ್ದದಂತೆ ಕಾಯುತ್ತವೆ. ಆದರೆ ಮೊದಲೇ ತಪ್ಪಾಗಿ ಬಂದ ನಮೂದನ್ನೂ ಅವು ಅಷ್ಟೇ ನಿಷ್ಠೆಯಿಂದ ಕಾಯುತ್ತವೆ. ತಂದೆಯ ಹೆಸರು ತಪ್ಪಿದೆಯೇ, ವಾರಸುದಾರರ ಪಟ್ಟಿಯಿಂದ ಒಬ್ಬ ಮಗಳ ಹೆಸರು ಬಿಟ್ಟುಹೋಗಿದೆಯೇ, ತೀರಿಸಿದ ಸಾಲ ಇನ್ನೂ 11ನೇ ಅಂಕಣದಲ್ಲಿ ಉಳಿದಿದೆಯೇ ಎಂಬುದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಆ ಕುಟುಂಬಕ್ಕೆ ಮಾತ್ರ ಗೊತ್ತು. ಹಳೆಯ ಕೈಬರಹದ ಪುಸ್ತಕಗಳಿಂದ ನಕಲು ಮಾಡುವಾಗ ನುಸುಳಿದ ತಪ್ಪುಗಳೂ ಇದೇ ಗುಂಪಿನವು.

ಆದ್ದರಿಂದ ಹಕ್ಕು ಬದಲಾವಣೆಯ ನೋಟೀಸು ಪ್ರಕಟವಾದಾಗ ಅದನ್ನು ಓದಿ, ಆಕ್ಷೇಪಣೆಗಳಿದ್ದಲ್ಲಿ ನಿಗದಿತ ಅವಧಿಯೊಳಗೆ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಆದೇಶವಾದ ನಂತರ ಹೊಸ ಪಹಣಿಯನ್ನು ತೆಗೆಸಿ, 9ನೇ ಅಂಕಣದ ಹೆಸರು ಮತ್ತು ವಿಸ್ತೀರ್ಣವನ್ನು ನೋಂದಾಯಿತ ಪತ್ರದೊಂದಿಗೆ ತಾಳೆ ನೋಡಬೇಕು. ನಕಲು ಮಾಡುವಾಗಿನ ತಪ್ಪುಗಳಿದ್ದಲ್ಲಿ ಹಳೆಯ ಪಹಣಿಯ ದೃಢೀಕೃತ ಪ್ರತಿಯೊಂದಿಗೆ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸಬಹುದು. ಹಕ್ಕು ಬದಲಾವಣೆಯ ಆದೇಶದಿಂದಲೇ ಬಾಧಿತರಾದವರು ಅಧಿನಿಯಮದ ಕಲಂ 136ರ ಅನ್ವಯ ಉಪವಿಭಾಗಾಧಿಕಾರಿಯವರಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿರುತ್ತದೆ. ಅರ್ಜಿ ಅಥವಾ ಮೇಲ್ಮನವಿಯಲ್ಲಿ ಹಕ್ಕು ಬದಲಾವಣೆಯ ಸಂಖ್ಯೆಯನ್ನು (ಎಂ.ಆರ್. ನಂಬರ್) ತಪ್ಪದೆ ನಮೂದಿಸಬೇಕು, ಆ ತಿದ್ದುಪಡಿಗೆ ಸಂಬಂಧಿಸಿದ ಕಡತವನ್ನು ಹುಡುಕಿ ತೆಗೆಯಲು ಅದೇ ಆಧಾರ.