ಬಹುಮತದ ಪರೀಕ್ಷೆ ಸದನದಲ್ಲಿ: ಬೊಮ್ಮಾಯಿ ತೀರ್ಪು ಮತ್ತು ಸಾಂವಿಧಾನಿಕ ಆಡಳಿತ

ಸಂವಿಧಾನವೆಂಬ ಲಿಖಿತ ದಾಖಲೆ ಇದ್ದಮಾತ್ರಕ್ಕೆ ಒಂದು ದೇಶದಲ್ಲಿ ಸಾಂವಿಧಾನಿಕ ಆಡಳಿತ ನೆಲೆಗೊಂಡಿದೆಯೆಂದು ಹೇಳಲಾಗದು. ಸರ್ವಾಧಿಕಾರಿಗಳು ಆಳಿದ ದೇಶಗಳಲ್ಲಿಯೂ ಅಂತಹ ದಾಖಲೆಗಳಿದ್ದವು. ಆಳುವವರ ಅಧಿಕಾರಕ್ಕೆ ಕಾನೂನಿನ ಮೇರೆ ಇರುವುದು, ಆ ಅಧಿಕಾರವನ್ನು ಬಳಸಿದವರು ಅದಕ್ಕೆ ಕಾರಣ ಕೊಡಬೇಕಾದ ಹೊಣೆ ಹೊತ್ತಿರುವುದು, ಮೇರೆ ಮೀರಿದಾಗ ತಡೆಯಬಲ್ಲ ಸ್ವತಂತ್ರ ಸಂಸ್ಥೆ ಇರುವುದು, ಈ ಮೂರೂ ಕೂಡಿದಾಗಲೇ ಆಡಳಿತ ಸಾಂವಿಧಾನಿಕವೆನಿಸುತ್ತದೆ. ಈ ತತ್ವಗಳು ಭಾರತದಲ್ಲಿ ಕಠಿಣ ಪರೀಕ್ಷೆಗೆ ಒಳಗಾದ ಸಂದರ್ಭಗಳಲ್ಲಿ ಕರ್ನಾಟಕದ ಮಾಜಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಪ್ರಕರಣ ಮುಖ್ಯವಾದುದು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 1994ರ ಮಾರ್ಚ್ 11ರಂದು ಅದರ ತೀರ್ಪು ನೀಡಿತು.

ಪ್ರಕರಣದ ಕೇಂದ್ರದಲ್ಲಿದ್ದುದು ಸಂವಿಧಾನದ 356ನೇ ವಿಧಿ. ಒಂದು ರಾಜ್ಯದ ಆಡಳಿತವನ್ನು ಸಂವಿಧಾನಕ್ಕೆ ಅನುಸಾರವಾಗಿ ನಡೆಸಲಾಗದ ಸ್ಥಿತಿ ಉಂಟಾಗಿದೆಯೆಂದು ರಾಜ್ಯಪಾಲರ ವರದಿಯಿಂದಾಗಲಿ, ಬೇರೆ ರೀತಿಯಿಂದಾಗಲಿ ರಾಷ್ಟ್ರಪತಿಯವರಿಗೆ ಮನದಟ್ಟಾದರೆ, ಆ ರಾಜ್ಯದ ಆಡಳಿತವನ್ನು ಕೇಂದ್ರವು ವಹಿಸಿಕೊಳ್ಳಲು ಈ ವಿಧಿ ಅವಕಾಶ ಕೊಡುತ್ತದೆ. ಇದನ್ನೇ ಜನರು ರಾಷ್ಟ್ರಪತಿ ಆಳ್ವಿಕೆ ಎನ್ನುತ್ತಾರೆ. ರಾಷ್ಟ್ರಪತಿಯವರು ಕೇಂದ್ರ ಮಂತ್ರಿಮಂಡಲದ ಸಲಹೆಯಂತೆ ನಡೆಯುವುದರಿಂದ, ವಾಸ್ತವದಲ್ಲಿ ಇದು ಕೇಂದ್ರದಲ್ಲಿ ಆಳುವ ಪಕ್ಷದ ಕೈಯಲ್ಲಿರುವ ಅಧಿಕಾರ. ಬ್ರಿಟಿಷರ 1935ರ ಕಾಯ್ದೆಯಲ್ಲಿದ್ದ ಇಂತಹುದೇ ಏರ್ಪಾಡನ್ನು ನೆನೆದು ಸಂವಿಧಾನ ಸಭೆಯ ಸದಸ್ಯರು ಆತಂಕ ವ್ಯಕ್ತಪಡಿಸಿದಾಗ, ದುರ್ಬಳಕೆಯ ಸಾಧ್ಯತೆಯನ್ನು ಡಾ. ಬಿ.ಆರ್. ಅಂಬೇಡ್ಕರ್ ಅಲ್ಲಗಳೆಯಲಿಲ್ಲ, ಇದನ್ನು ಬಳಸುವ ಪ್ರಸಂಗವೇ ಬಾರದಿರಲೆಂದು ಆಶಿಸಿದರು.

ಆ ಆಶಯ ಈಡೇರಲಿಲ್ಲ. 1959ರಲ್ಲಿ ಕೇರಳದ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರಕ್ಕೆ ವಿಧಾನಸಭೆಯಲ್ಲಿ ಬಹುಮತವಿದ್ದಾಗಲೇ ಅದನ್ನು ವಜಾ ಮಾಡಲಾಯಿತು. 1977ರಲ್ಲಿ ಕೇಂದ್ರದಲ್ಲಿ ಅಧಿಕಾರಕ್ಕೆ ಬಂದ ಜನತಾ ಸರ್ಕಾರವು ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ಕಿತ್ತುಹಾಕಿದರೆ, 1980ರಲ್ಲಿ ಮರಳಿ ಬಂದ ಕಾಂಗ್ರೆಸ್ ಕೂಡ ಒಂಬತ್ತು ರಾಜ್ಯಗಳಲ್ಲಿ ಅದನ್ನೇ ಮಾಡಿತು. ಈ ನಡುವೆ 1975ರ 38ನೇ ತಿದ್ದುಪಡಿಯು ರಾಷ್ಟ್ರಪತಿಯವರ ನಿರ್ಣಯವನ್ನು ನ್ಯಾಯಾಲಯಗಳು ಪ್ರಶ್ನಿಸದಂತೆ ಬಾಗಿಲು ಮುಚ್ಚಿತ್ತು. 1978ರ 44ನೇ ತಿದ್ದುಪಡಿ ಆ ನಿರ್ಬಂಧವನ್ನು ತೆಗೆದುಹಾಕಿತು. ಆದರೂ ನ್ಯಾಯಾಲಯಗಳು ಎಷ್ಟರಮಟ್ಟಿಗೆ ಪರಿಶೀಲಿಸಬಹುದೆಂಬುದು ಸ್ಪಷ್ಟವಾಗದೆ ಉಳಿಯಿತು.

ರಾಮಕೃಷ್ಣ ಹೆಗಡೆಯವರ ರಾಜೀನಾಮೆಯ ನಂತರ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿಯಾದ ಬೊಮ್ಮಾಯಿಯವರ ಸರ್ಕಾರ 1989ರ ಏಪ್ರಿಲ್‌ನಲ್ಲಿ ಬಿಕ್ಕಟ್ಟಿಗೆ ಸಿಲುಕಿತು. ಪಕ್ಷ ತೊರೆದ ಶಾಸಕರೊಬ್ಬರು, ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದುಕೊಂಡಿರುವುದಾಗಿ ತಿಳಿಸುವ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ತಲುಪಿಸಿದರು. ಅದನ್ನು ನಂಬಿ ರಾಜ್ಯಪಾಲರು ಏಪ್ರಿಲ್ 19ರಂದು ರಾಷ್ಟ್ರಪತಿಯವರಿಗೆ ವರದಿ ಕಳುಹಿಸಿದರು. ಮರುದಿನವೇ ಅವರಲ್ಲಿ ಏಳು ಶಾಸಕರು, ತಮ್ಮ ಸಹಿಗಳನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆಯಲಾಗಿದೆಯೆಂದೂ ತಮ್ಮ ಬೆಂಬಲ ಸರ್ಕಾರಕ್ಕೇ ಇದೆಯೆಂದೂ ಬರೆದುಕೊಟ್ಟರು. ಅಧಿವೇಶನವನ್ನು ಬೇಗ ಕರೆದು ಸದನದಲ್ಲಿಯೇ ಬಹುಮತ ತೋರಿಸಲು ಸಿದ್ಧವೆಂದು ಮುಖ್ಯಮಂತ್ರಿಯವರು ತಿಳಿಸಿದರು. ರಾಜ್ಯಪಾಲರು ಇದಾವುದಕ್ಕೂ ಮನ್ನಣೆ ಕೊಡದೆ ಎರಡನೆಯ ವರದಿ ಕಳುಹಿಸಿದರು. ಏಪ್ರಿಲ್ 21ರಂದು ಸರ್ಕಾರ ವಜಾಗೊಂಡು ವಿಧಾನಸಭೆ ವಿಸರ್ಜನೆಯಾಯಿತು.

ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ವಜಾ ಮಾಡಿತು. ಮೇಲ್ಮನವಿಯು ಸುಪ್ರೀಂ ಕೋರ್ಟಿಗೆ ಬಂದಾಗ, ನಾಗಾಲ್ಯಾಂಡ್, ಮೇಘಾಲಯ ಮತ್ತು ಬಾಬರಿ ಮಸೀದಿ ಧ್ವಂಸದ ನಂತರ ವಜಾಗೊಂಡ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಪ್ರಕರಣಗಳೂ ಅದರೊಡನೆ ಸೇರಿಕೊಂಡವು. ತೀರ್ಪು ಸ್ಥಾಪಿಸಿದ ಮೊದಲನೆಯ ತತ್ವವೆಂದರೆ, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯೂ ನ್ಯಾಯಾಂಗ ಪರಾಮರ್ಶೆಗೆ, ಎಂದರೆ ಸರ್ಕಾರದ ಕ್ರಮವು ಸಂವಿಧಾನಕ್ಕೆ ಹೊಂದುತ್ತದೆಯೇ ಎಂದು ನ್ಯಾಯಾಲಯವು ಪರಿಶೀಲಿಸುವ ಅಧಿಕಾರಕ್ಕೆ, ಒಳಪಟ್ಟಿದೆ ಎಂಬುದು. ಮಂತ್ರಿಮಂಡಲ ಕೊಟ್ಟ ಸಲಹೆಯನ್ನು ವಿಚಾರಿಸಬಾರದೆಂದು 74ನೇ ವಿಧಿ ಹೇಳಿದರೂ, ಆ ಸಲಹೆಗೆ ಆಧಾರವಾದ ಸಂಗತಿಗಳನ್ನು ನ್ಯಾಯಾಲಯದ ಮುಂದಿಡಲೇಬೇಕು; ಆಧಾರವಿಲ್ಲದೆ ಅಥವಾ ದುರುದ್ದೇಶದಿಂದ ಹೊರಡಿಸಿದ ಘೋಷಣೆ ರದ್ದಾಗಬಲ್ಲದು.

ಎರಡನೆಯದು ಬಹುಮತದ ಪ್ರಶ್ನೆ. ಸಂಸದೀಯ ಪದ್ಧತಿಯಲ್ಲಿ ಮಂತ್ರಿಮಂಡಲವು ಶಾಸನಸಭೆಗೆ ಹೊಣೆಯಾಗಿರುವುದರಿಂದ, ಅದರ ಮೇಲೆ ವಿಶ್ವಾಸ ಉಳಿದಿದೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸಬೇಕಾದುದೂ ಆ ಸಭೆಯೇ. ರಾಜಭವನಕ್ಕೆ ಬಂದ ಪತ್ರಗಳ ಹಿಂದೆ ಒತ್ತಡವಿತ್ತೇ, ಆಮಿಷವಿತ್ತೇ ಎಂದು ತಿಳಿಯುವ ದಾರಿಯಿಲ್ಲ. ಸದನದಲ್ಲಾದರೋ ಶಾಸಕರು ಎಲ್ಲರೆದುರು ಮತ ಚಲಾಯಿಸಬೇಕು, ಅದಕ್ಕೆ ಮತದಾರರಿಗೆ ಉತ್ತರ ಹೇಳಬೇಕು. ಮೂರನೆಯದಾಗಿ, ಘೋಷಣೆಗೆ ಸಂಸತ್ತಿನ ಎರಡೂ ಸದನಗಳ ಒಪ್ಪಿಗೆ ದೊರೆಯುವವರೆಗೆ ವಿಧಾನಸಭೆಯನ್ನು ಅಮಾನತಿನಲ್ಲಿಡಬಹುದೇ ಹೊರತು ವಿಸರ್ಜಿಸಬಾರದು. ಎರಡು ತಿಂಗಳೊಳಗೆ ಒಪ್ಪಿಗೆ ಸಿಗದಿದ್ದರೆ ಘೋಷಣೆ ತಾನಾಗಿ ಕೊನೆಗೊಳ್ಳುತ್ತದೆ.

ಈ ತತ್ವಗಳ ತಳದಲ್ಲಿರುವುದು ಸಂವಿಧಾನದ ಮೂಲ ಸಂರಚನೆಯ ಸಿದ್ಧಾಂತ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಪ್ರಕರಣದಲ್ಲಿ 1973ರ ಏಪ್ರಿಲ್ 24ರಂದು ಹದಿಮೂರು ನ್ಯಾಯಮೂರ್ತಿಗಳ ಪೀಠವು ಏಳು-ಆರರ ಬಹುಮತದಿಂದ ಇದನ್ನು ರೂಪಿಸಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದಾದರೂ ಅದರ ಜೀವಾಳವಾದ ಲಕ್ಷಣಗಳನ್ನು ನಾಶಮಾಡಲಾಗದೆಂಬುದು ಇದರ ಸಾರ. ಬೊಮ್ಮಾಯಿ ತೀರ್ಪು ಒಕ್ಕೂಟ ವ್ಯವಸ್ಥೆಯನ್ನೂ ಜಾತ್ಯತೀತತೆಯನ್ನೂ ಅಂತಹ ಲಕ್ಷಣಗಳೆಂದು ಎತ್ತಿಹಿಡಿಯಿತು. ಹೀಗಾಗಿಯೇ ಕರ್ನಾಟಕ, ನಾಗಾಲ್ಯಾಂಡ್, ಮೇಘಾಲಯಗಳ ಘೋಷಣೆಗಳು ಅಸಾಂವಿಧಾನಿಕವೆನಿಸಿದರೆ, 1992ರ ಮೂರು ರಾಜ್ಯಗಳ ಘೋಷಣೆಗಳು ಜಾತ್ಯತೀತತೆಯ ಆಧಾರದ ಮೇಲೆ ಊರ್ಜಿತಗೊಂಡವು.

ಆದರೆ ತೀರ್ಪಿನಿಂದ ಬೊಮ್ಮಾಯಿಯವರಿಗೆ ಅಧಿಕಾರ ಮರಳಲಿಲ್ಲ, ಏಕೆಂದರೆ ಅಷ್ಟರೊಳಗೆ 1989ರ ಚುನಾವಣೆ ನಡೆದು ಬೇರೆ ಸರ್ಕಾರ ಬಂದಿತ್ತು. ನ್ಯಾಯ ಬರಲು ಐದು ವರ್ಷ ಹಿಡಿದದ್ದು ಈ ಪ್ರಕರಣದ ದೊಡ್ಡ ಕೊರತೆ. ಮುಂದಿನ ಪ್ರಕರಣಗಳಿಗೆ ಮಾತ್ರ ಅದು ದಾರಿ ತೋರಿತು. 2005ರ ಬಿಹಾರ ವಿಧಾನಸಭೆಯ ವಿಸರ್ಜನೆಯನ್ನು ಸುಪ್ರೀಂ ಕೋರ್ಟು ಅಸಾಂವಿಧಾನಿಕವೆಂದಿತು. 2018ರ ಮೇ ತಿಂಗಳಲ್ಲಿ ಕರ್ನಾಟಕದ ರಾಜ್ಯಪಾಲರು ಬಹುಮತ ಸಾಬೀತಿಗೆ ಹದಿನೈದು ದಿನಗಳ ಅವಕಾಶ ಕೊಟ್ಟಾಗ, ನ್ಯಾಯಾಲಯವು ಮೇ 19ರಂದೇ ವಿಶ್ವಾಸಮತ ನಡೆಯಬೇಕೆಂದು ಆದೇಶಿಸಿತು, ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಮತದಾನಕ್ಕೆ ಮೊದಲೇ ರಾಜೀನಾಮೆ ನೀಡಿದರು. ಶಾಸಕರ ಪಕ್ಷಾಂತರವನ್ನಾಗಲಿ ಹಣದ ಆಮಿಷವನ್ನಾಗಲಿ ಯಾವ ತೀರ್ಪೂ ನಿಲ್ಲಿಸಲಾರದು, ಆ ಕೆಲಸ ಮತದಾರರದೇ. ಆದರೆ ಚುನಾಯಿತ ಸರ್ಕಾರವನ್ನು ಕಾರಣ ಕೊಡದೆ ಕಿತ್ತುಹಾಕುವುದು 1994ರ ನಂತರ ಮೊದಲಿನಷ್ಟು ಸುಲಭವಾಗಿ ಉಳಿದಿಲ್ಲ.